ಬೆನ್ನ ಹಿಂದಿನ ಚೆಂಡು

ಜುಲೈ 23, ಬುಧವಾರ

ಮೊಣಕಾಲು: ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಕಡಲೆಕಾಯಿ ಸಿಪ್ಪೆ ಒಡೆದಂಥ ಸದ್ದು.

ಈ ಬರವಣಿಗೆ ನನ್ನ ಆಸೆಯಲ್ಲ, ಡಾಕ್ಟರ ಹಟ. "ಹೇಗಿದೆ ಕ್ಲೆಮ್ ಅಂತ ಕೇಳಿದ್ರೆ ಯಾವತ್ತೂ ಚೆನ್ನಾಗಿದೆ ಅಂತೀರ. ದಿನಾ ಎರಡು ಸಾಲು ಬರೀರಿ. ಕಾಗದದ ಮುಂದೆ ಸುಳ್ಳು ಹೇಳೋದು ಕಷ್ಟ" ಎಂದರು. ಪಾಪ, ಅವರಿಗೆ ನಮ್ಮ ಕಸುಬು ಗೊತ್ತಿಲ್ಲ. ಸುಳ್ಳು ಹೇಳುವುದೇ ಅದರಲ್ಲಿ ಅರ್ಧ.

ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಶಿಬಿರಕ್ಕೆ ಬಂದಾಯಿತು. ಅದೇ ಕಾಲೇಜು, ಅದೇ ಹಾಸ್ಟೆಲ್, ಓದುವ ಮಕ್ಕಳಿಗೆಂದು ಮಾಡಿಸಿದ ಅದೇ ಮಂಚ. ನಾನು ಮಲಗಿದರೆ ಅರ್ಧ ನಾನು ಮಂಚದ ಮೇಲೆ, ಅರ್ಧ ನಾನು ಗಾಳಿಯಲ್ಲಿ. ಹಾಸಿಗೆಯನ್ನು ನೆಲಕ್ಕೆ ಎಳೆದುಕೊಂಡೆ. ಇದು ನನ್ನ ಹನ್ನೊಂದನೆಯ ಶಿಬಿರ, ಇಷ್ಟು ಬುದ್ಧಿ ಬಂದಿದೆ.

ಹೋದ ವಾರ ನನ್ನ ಹೆಂಡತಿ ಬ್ರಿಜಿಟ್‌ಳ ಚಿಕ್ಕಮ್ಮ ಊಟದ ನಡುವೆ ಕೇಳಿದಳು, "ಅಲ್ಲಪ್ಪಾ ಕ್ಲೆಮ್, ಟಿವೀಲಿ ನಿನ್ನ ಕೈಲಿ ಚೆಂಡೇ ಕಾಣಲ್ವಲ್ಲ. ನೀನು ಮಾಡೋದಾದ್ರೂ ಏನು?" ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ನನ್ನ ಬೆನ್ನ ಹಿಂದೆ ಇರುತ್ತಾನೆ, ಅವನನ್ನು ಕೆಡವಲು ಬರುವವರಿಗೆ ಅಡ್ಡ ನಿಲ್ಲುವುದೇ ನನ್ನ ಕೆಲಸ ಎಂದೆ. "ಓ, ಬಾಗಿಲು" ಎಂದಳು. ಹನ್ನೊಂದು ವರ್ಷದಲ್ಲಿ ಪತ್ರಿಕೆಯವರು ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ನಾವು ಐದು ಬಾಗಿಲು ಸಾಲಾಗಿ ನಿಲ್ಲುತ್ತೇವೆ. ನಡುವೆ ಸೆಂಟರ್, ಅವನ ಎಡಕ್ಕೆ ನಾನು. ಆ ಎಡ ಗಾರ್ಡ್ ಜಾಗಕ್ಕೆ ಈ ವರ್ಷ ತಂಡ ಹೊಸಬನನ್ನು ತಂದಿದೆ. ಹೆಸರು ಫೆಲೇಟಿ ಮಾಹೆ. ಸಾಲ್ಟ್ ಲೇಕ್ ಕಡೆಯವನು, ತಂದೆತಾಯಿ ಟೋಂಗಾ ದ್ವೀಪದವರು. ಅವನ ತೊಡೆಯ ಮುಂದೆ ನನ್ನ ತೊಡೆ ಊರುಗೋಲು. ಯಾವ ಪುಣ್ಯಾತ್ಮನ ಯೋಚನೆಯೋ, ಅವನನ್ನು ನನ್ನ ಕೋಣೆಗೇ ಹಾಕಿದ್ದಾರೆ. ಬಂದವನೇ ಮಂಚದ ಮೇಲೆ ಕೂತ. ಮಂಚದ ಕಾಲು ಮುರಿಯಿತು. "ಸಾರಿ ಅಣ್ಣ" ಎಂದು ನನ್ನನ್ನೇ ಕ್ಷಮೆ ಕೇಳಿದ, ಮಂಚ ನನ್ನ ಸ್ವಂತದ್ದು ಎಂಬಂತೆ.

ಆಗಸ್ಟ್ ಕೊನೆಗೆ ಇಲ್ಲಿರುವವರಲ್ಲಿ ಎಷ್ಟೋ ಮಂದಿ ಮನೆಗೆ. ನನಗೆ ಇನ್ನೊಂದು ವರ್ಷ ಬೇಕು. ವಿಸ್ಕಾನ್ಸಿನ್‌ನಲ್ಲಿ ಅಣ್ಣನ ಹಾಲಿನ ಡೈರಿ ಇದೆ, "ಯಾವಾಗ ಬೇಕಾದ್ರೂ ಬಾ" ಅಂದಿದ್ದಾನೆ. ಹಸುಗಳ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ಇನ್ನೊಂದು ವರ್ಷ ಬೇಕು.

ಜುಲೈ 28, ಸೋಮವಾರ

ಮೊಣಕಾಲು: ಊದಿಲ್ಲ. ಐಸ್ ಇಟ್ಟೆ.

ಇವತ್ತು ಮೊದಲ ಸಲ ಪ್ಯಾಡ್ ಕಟ್ಟಿ ಆಡಿದ್ದು. ನನ್ನ ಎದುರು ನಿಲ್ಲುವವನು ಒಡೆಲ್ ಪ್ರೂಯಿಟ್. ಅಲಬಾಮಾದವನು, ನಮ್ಮ ತಂಡದ ರಕ್ಷಣಾ ಸಾಲಿನವನು, ಆರು ವರ್ಷದಿಂದ ದಿನಾ ನನ್ನ ಎದೆಗೆ ಎದೆ ಕೊಟ್ಟವನು. ಬ್ರಿಜಿಟ್‌ಗಿಂತ ಹೆಚ್ಚು ಸಲ ಅಪ್ಪಿಕೊಂಡಿದ್ದಾನೆ.

ನಮ್ಮವನೊಬ್ಬ ಚೆಂಡು ಹಿಡಿದು ಓಡುವ ಓಟದ ಆಟದಲ್ಲಿ ನಾನು ಮುಂದಕ್ಕೆ ನುಗ್ಗಬೇಕು. ಅಲ್ಲಿ ಒಡೆಲ್‌ನನ್ನು ಚೆನ್ನಾಗಿಯೇ ತಳ್ಳಿದೆ. ಎಸೆತದ ಆಟದಲ್ಲಿ ಹಿಂದಕ್ಕೆ ಸರಿದು ತಡೆಯಬೇಕು. ಅಲ್ಲಿ ಮಾತ್ರ ಅವನು ಮತ್ತೆ ಮತ್ತೆ ನನ್ನ ಪಕ್ಕದಿಂದ ನೀರಿನಂತೆ ಹರಿದುಹೋದ. ನಾನು ಕಾಲು ಎತ್ತುವುದರೊಳಗೆ ಅವನು ಹೊರಟಾಗಿರುತ್ತದೆ. ಎಸೆತ ಅಂತ ಅವನಿಗೆ ಮೊದಲೇ ಗೊತ್ತು. ಹೇಗೆ ಗೊತ್ತು?

"ಏನ್ ತಾತ, ಬಸ್ಸು ಹೋದ್ಮೇಲೆ ಸ್ಟ್ಯಾಂಡಿಗೆ ಬರ್ತೀಯಲ್ಲ" ಎಂದ ಒಡೆಲ್.

"ನನ್ನಲ್ಲಿ ಏನೋ ಕಾಣ್ತಿದೆ ನಿನಗೆ. ಏನದು?"

"ನಿನ್ನ ಮುಖ ಕಾಣತ್ತೆ. ಅದೇ ಸಾಕಲ್ವಾ ಶಿಕ್ಷೆ?"

ಹೇಳುವುದಿಲ್ಲ, ಹೇಳಬೇಕೂ ಇಲ್ಲ. ಅದು ಅವನ ಬಂಡವಾಳ. ಆದರೆ ನನ್ನ ತಲೆಗೆ ಹುಳ ಬಿಟ್ಟಹಾಗಾಯಿತು. ಊಟಕ್ಕೆ ಕೂತರೂ ಅದೇ ಯೋಚನೆ. ನಾಲ್ಕು ಕೋಳಿ ತೊಡೆ ತಿಂದದ್ದೇ ಗೊತ್ತಾಗಲಿಲ್ಲ, ಐದನೆಯದಕ್ಕೆ ಎಚ್ಚರವಾಯಿತು.

ಜುಲೈ 30, ಬುಧವಾರ

ಮೊಣಕಾಲು: ಅದೇ.

ಎರಡು ದಿನದಿಂದ ನನ್ನದೇ ವಿಡಿಯೊ ನೋಡುತ್ತಿದ್ದೇನೆ. ಮೊದಲು ನೋಡಿದ್ದು ಬೆರಳು. ಈ ಕಸುಬಿನ ಮೊದಲ ಪಾಠ ಅದೇ. ಬಗ್ಗಿ ಒಂದು ಕೈಯನ್ನು ನೆಲಕ್ಕೆ ಊರಿ ನಿಲ್ಲುತ್ತೇವೆ. ಮುಂದೆ ನುಗ್ಗುವವನ ಭಾರವೆಲ್ಲ ಆ ಬೆರಳುಗಳ ಮೇಲೆ ಬಿದ್ದು ಅವು ಬಿಳಿಚುತ್ತವೆ. ಹಿಂದೆ ಸರಿಯುವವನ ಬೆರಳು ಹುಲ್ಲನ್ನು ಸುಮ್ಮನೆ ಸವರಿರುತ್ತದೆ. ಎದುರಿನವನು ಬೆರಳು ನೋಡಿದರೆ ಸಾಕು, ನಮ್ಮ ಹೊಟ್ಟೆಯೊಳಗಿನ ಗುಟ್ಟು ಅವನ ಕೈಗೆ.

ನನ್ನ ಬೆರಳಲ್ಲಿ ತಪ್ಪಿಲ್ಲ. ಪಾದದಲ್ಲಿ ತಪ್ಪಿಲ್ಲ. ತಲೆ, ಭುಜ, ಸೊಂಟ, ಯಾವುದರಲ್ಲೂ ಏನೂ ಕಾಣಲಿಲ್ಲ. ಆದರೆ ನಮ್ಮ ವಿಡಿಯೊ ತೆಗೆಯುವುದು ಹಿಂದಿನಿಂದ. ಮುಖ ಕಾಣುವುದಿಲ್ಲ.

ಬ್ರಿಜಿಟ್‌ಗೆ ಫೋನ್ ಮಾಡಿ ಹೇಳಿಕೊಂಡೆ. ಅವಳಿಗೆ ಆಟ ಅಷ್ಟಕ್ಕಷ್ಟೆ, ಹಕ್ಕಿಯ ಹುಚ್ಚು. ಕೆರೆ ಕಂಡಲ್ಲಿ ಕಾರು ನಿಲ್ಲಿಸುವವಳು.

"ಹಕ್ಕಿ ಹಾರೋಕ್ ಮುಂಚೆ ಏನಾದ್ರೂ ಒಂದು ಮಾಡೇ ಮಾಡತ್ತೆ ಮಾರಾಯ. ಬಾಲ ಕುಣಿಸತ್ತೆ, ಕತ್ತು ಉದ್ದ ಮಾಡತ್ತೆ. ಬೆಳ್ಳಕ್ಕಿ ಜಾತಿಯವು ಹಿಕ್ಕೆ ಹಾಕಿ ಹಾರ್ತಾವೆ."

"ನಾನು ಅದನ್ನಂತೂ ಮಾಡ್ತಿಲ್ಲ."

"ನೋಡೋಣ. ಶನಿವಾರ ದುರ್ಬೀನು ತರ್ತೀನಿ."

ಆಗಸ್ಟ್ 2, ಶನಿವಾರ

ಮೊಣಕಾಲು: ಬೆಳಗ್ಗೆ ಬಿಗಿ, ಆಮೇಲೆ ಸಡಿಲ.

ಇವತ್ತು ಮನೆಯವರು ಬಂದು ಅಭ್ಯಾಸ ನೋಡುವ ದಿನ. ಎಲ್ಲರ ಹೆಂಡಂದಿರೂ ಮಕ್ಕಳ ಮುಖಕ್ಕೆ ಬಣ್ಣ ಹಚ್ಚುತ್ತಿದ್ದರೆ, ನನ್ನ ಹೆಂಡತಿ ಬೇಲಿಗೆ ಒರಗಿ ದುರ್ಬೀನು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಒಡೆಲ್‌ಗೆ ನಗು ತಡೆಯಲಾಗಲಿಲ್ಲ. "ಮದ್ವೆಗೆ ಮುಂಚೆ ಹತ್ರದಿಂದ ನೋಡಿರ್ಲಿಲ್ವಂತಾ?" ಎಂದ.

ಮುಗಿದ ಮೇಲೆ ಬ್ರಿಜಿಟ್ ನೆಟ್ಟಗೆ ನನ್ನ ಹತ್ತಿರ ಬಂದಳು. ಕಣ್ಣು ಮಿನುಗುತ್ತಿತ್ತು, ಅಪರೂಪದ ಗೂಬೆ ಕಂಡಾಗ ಹೀಗೇ ಇರುತ್ತಾಳೆ.

"ಕೆನ್ನೆ" ಎಂದಳು.

"ಏನು ಕೆನ್ನೆ?"

"ಹಿಂದಕ್ಕೆ ಬರೋ ಆಟ ಇದ್ದಾಗೆಲ್ಲ, ಅದಕ್ಕೆ ಸ್ವಲ್ಪ ಮುಂಚೆ ನಿನ್ನ ಕೆನ್ನೆ ಉಬ್ಬತ್ತೆ. ಕಪ್ಪೆ ತರ. ಉಫ್ ಅಂತ ಬಿಡ್ತೀಯ. ಮುಂದಕ್ಕೆ ಹೋಗೋವಾಗ ಒಂದ್ಸಲಾನೂ ಇಲ್ಲ."

ನಾನು ಜೋರಾಗಿ ನಕ್ಕುಬಿಟ್ಟೆ. ಅಷ್ಟೇನಾ! ಹನ್ನೊಂದು ವರ್ಷದ ಅನುಭವ, ದಪ್ಪ ದಪ್ಪ ತಂತ್ರದ ಪುಸ್ತಕ, ಎಲ್ಲದರ ಗುಟ್ಟು ಒಂದು ಕೆನ್ನೆಯಲ್ಲಿ. ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ.

ಅವಳು ನಗಲಿಲ್ಲ. "ಹಿಂದಕ್ಕೆ ಕಾಲಿಡೋವಾಗ ನೋಯತ್ತಾ ಕ್ಲೆಮ್?" ಎಂದು ಕೇಳಿದಳು. ಇಲ್ಲ ಎಂದೆ.

ಆಗಸ್ಟ್ 4, ಸೋಮವಾರ

ಮೊಣಕಾಲು: ಚೆನ್ನಾಗಿದೆ.

ಹಲ್ಲಿನ ರಕ್ಷಕವನ್ನು ಕಚ್ಚಿ ಬಾಯಿ ಬಿಗಿದು ಆಡಿದೆ. ಒಡೆಲ್ ಓಟ ಅಂದುಕೊಂಡು ಬಂದು ನನ್ನ ಎದೆಯ ಗೋಡೆಗೆ ಡಿಕ್ಕಿ ಹೊಡೆದ. "ಯಾರೋ ಹೇಳಿಕೊಟ್ಟಿದಾರೆ ತಾತಂಗೆ" ಎಂದು ಗೊಣಗಿದ. ಸಂಜೆ ಐಸ್‌ಕ್ರೀಂ ಎರಡು ಡಬ್ಬ. ಎಷ್ಟೋ ದಿನದ ಮೇಲೆ ರುಚಿ ಹತ್ತಿತು.

ಆಗಸ್ಟ್ 7, ಗುರುವಾರ

ಮೊಣಕಾಲು: ಪರವಾಗಿಲ್ಲ.

ಪ್ರತಿ ಆಟಕ್ಕೂ ಮುಂಚೆ ಎಲ್ಲರೂ ಸುತ್ತುಗಟ್ಟಿ ನಿಂತಾಗ ನಾವು ಐವರು ಕೈ ಹಿಡಿದುಕೊಳ್ಳುತ್ತೇವೆ. ಮೂರೂವರೆ ಕ್ವಿಂಟಲಿಗಿಂತ ಹೆಚ್ಚು ತಳ್ಳಬಲ್ಲ ಗಂಡಸರು ನರ್ಸರಿ ಮಕ್ಕಳ ಹಾಗೆ. ನಗುವವರು ನಗಲಿ. ಪಕ್ಕದವನ ಕೈ ಹೇಗಿದೆ ಅಂತ ಗೊತ್ತಾದರೆ ಅವನು ಹೇಗಿದ್ದಾನೆ ಅಂತ ಗೊತ್ತಾಗುತ್ತದೆ.

ಇವತ್ತು ಕೋಚ್ ಸ್ಟೆಗ್ನರ್ ನನ್ನನ್ನು ಸ್ವಲ್ಪ ಹೊತ್ತು ಬಲಗಡೆ ಹಾಕಿ, ಎಡಕ್ಕೆ ಫೆಲೇಟಿಯನ್ನು ನಿಲ್ಲಿಸಿದರು. ಸುತ್ತಿನಲ್ಲಿ ಅವನ ಕೈ ನನ್ನ ಕೈಗೆ ಬಂತು. ಆಗಸ್ಟಿನ ಸೆಖೆಯಲ್ಲಿ ಮೀನಿನಂತೆ ತಣ್ಣಗೆ, ಒದ್ದೆ. ಅಷ್ಟು ದೊಡ್ಡ ಆಳು ಹೆದರಿದ್ದಾನೆ! ನನಗೆ ಆಶ್ಚರ್ಯವಾಯಿತು. ಇವನಿಗೆ ಯಾರ ಭಯ?

ಆಮೇಲೆ ಅವನು ಬಗ್ಗಿ ನಿಂತ. ಬೆರಳು ಸುಣ್ಣ ಬಳಿದಂತೆ ಬಿಳಿ. ಮುಂದಿನ ಆಟಕ್ಕೆ ಹುಲ್ಲು ಸವರುತ್ತಿತ್ತು.

"ಏಯ್ ಮಾಹೆ!" ಕೋಚ್ ಕಿರುಚಿದರು. ಅವರದು ಒಡೆದ ತಮಟೆಯ ಗಂಟಲು. "ಬೆರಳಲ್ಲಿ ಬೋರ್ಡ್ ಹಾಕ್ಕೊಂಡು ನಿಂತಿದ್ದೀಯಲ್ಲೋ! ಪಾರ್ಕಿಂಗ್‌ನಲ್ಲಿರೋ ಮುದುಕಿಗೂ ಗೊತ್ತಾಗತ್ತೆ ಓಟ ಅಂತ!"

ಕಿರುಚಿದಷ್ಟೂ ಅವನ ಬೆರಳು ಇನ್ನೂ ಬಿಳಿಚುತ್ತಿತ್ತು. ಅವನು ಕಾಲೇಜು ತಂಡದಲ್ಲಿ ಆಡುವಾಗ ಇದು ಯಾರಿಗೂ ಬೇಕಾಗಿರಲಿಲ್ಲ ಅಂತ ಕಾಣುತ್ತದೆ. ಎದುರಿನವನಿಗೆ ಗೊತ್ತಾದರೂ ಎತ್ತಿ ಬಿಸಾಡುತ್ತಿದ್ದನೇನೋ. ಇಲ್ಲಿ ಅದು ನಡೆಯುವುದಿಲ್ಲ.

ಆಗಸ್ಟ್ 8, ಶುಕ್ರವಾರ

ಮೊಣಕಾಲು: ಅದೇ.

ಅದನ್ನು ಸರಿಮಾಡುವುದು ಹೇಗೆಂದು ನನಗೆ ಗೊತ್ತು. ಹೇಳುವುದಿಲ್ಲ. ಅವನ ಬೆರಳು ಬಿಳಿಚುವಷ್ಟು ದಿನ ನನ್ನ ಜಾಗ ಭದ್ರ. ಇದರಲ್ಲಿ ನಾಚಿಕೆಯ ಮಾತೇನಿಲ್ಲ, ಎಲ್ಲರೂ ಹಾಗೇ.

ಆಗಸ್ಟ್ 11, ಸೋಮವಾರ

ಮೊಣಕಾಲು: ಐಸ್ ಇಡುವುದು ಮರೆತೆ.

ಮಧ್ಯಾಹ್ನ ಕೋಣೆಗೆ ಬಂದರೆ ಫೆಲೇಟಿ ನೆಲದ ಮೇಲೆ ಬಗ್ಗಿ ನಿಂತು ಕನ್ನಡಿಯಲ್ಲಿ ತನ್ನ ಬೆರಳನ್ನು ದುರುಗುಟ್ಟಿ ನೋಡುತ್ತಿದ್ದ. ಬೆರಳಿನ ಮೇಲೆ ಕೋಪ ಮಾಡಿಕೊಂಡರೆ ಅದು ಕೇಳುತ್ತದೆಯೇ? ನಾನು ಮಲಗಿ ಛಾವಣಿ ನೋಡಿದೆ. ಮಗ್ಗುಲು ಬದಲಿಸಿದೆ. ಆಗಲಿಲ್ಲ.

"ಎದ್ದೇಳೋ. ಅಡುಗೆಮನೆಗೆ ಹೋಗಿ ಬ್ರೆಡ್ ತಗೊಂಡು ಬಾ. ಮೆತ್ತಗಿರೋದು" ಎಂದೆ.

ತಂದ. ಒಂದು ತುಂಡನ್ನು ನೆಲದ ಮೇಲಿಟ್ಟು ಅದರ ಮೇಲೆ ಬೆರಳೂರಿ ನಿಲ್ಲು ಎಂದೆ. ಬ್ರೆಡ್ ಹಪ್ಪಳವಾಯಿತು.

"ನೋಡು, ಭಾರ ಎಲ್ಲ ಕೆಳಗೆ ಹೋಯ್ತು. ಬಿಳಿಚೋದನ್ನ ನಿಲ್ಲಿಸೋಕೆ ಹೋಗ್ಬೇಡ. ಬಿಳಿಚಲಿ. ಓಟಕ್ಕೂ ಬಿಳಿಚಲಿ, ಎಸೆತಕ್ಕೂ ಬಿಳಿಚಲಿ. ಆಗ ಏನು ಗೊತ್ತಾಗತ್ತೆ ಅವರಿಗೆ?"

"ಆದ್ರೆ ಎಸೆತಕ್ಕೆ ಭಾರ ಹಿಮ್ಮಡಿ ಮೇಲಿರ್ಬೇಕಲ್ಲ ಅಣ್ಣ? ಬೆರಳಿಗೆ ಭಾರ ಬಿದ್ರೆ ಹಿಂದೆ ಹೋಗೋದು ಹೇಗೆ?"

"ಬೆರಳನ್ನ ನೆಲಕ್ಕೆ ಒತ್ಬೇಡ. ಬೆರಳನ್ನ ಬೆರಳಿಗೇ ಒತ್ತು. ಒಂದಕ್ಕೊಂದು ಹಿಂಡು. ಬಿಳಿಚತ್ತೆ, ಭಾರ ಇರಲ್ಲ. ನಿನ್ನ ಬೆರಳಿಗೆ ಸುಳ್ಳು ಹೇಳೋದು ಕಲಿಸು."

ಅವನು ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿದ. ಇನ್ನೊಂದು ತುಂಡು ಇಟ್ಟ. ಹಪ್ಪಳ. ಇನ್ನೊಂದು. ಹಪ್ಪಳ. ಹಪ್ಪಳವಾದದ್ದಕ್ಕೆ ಕಡಲೆಕಾಯಿ ಬೆಣ್ಣೆ ಹಚ್ಚಿ ತಿನ್ನುವುದು ನನ್ನ ಪಾಲಿನ ಕೆಲಸ. ಇಡೀ ಪೊಟ್ಟಣ ಮುಗಿಯುವ ಹೊತ್ತಿಗೆ ಒಂದು ತುಂಡು ಉಬ್ಬಿದ ಹಾಗೇ ಉಳಿಯಿತು, ಅದರ ಮೇಲಿನ ಬೆರಳು ಬೆಳ್ಳಗೆ. ಅವನು ಕೂಗಿದ ಕೂಗಿಗೆ ಪಕ್ಕದ ಕೋಣೆಯವರು ಗೋಡೆ ಬಡಿದರು.

ಆಮೇಲೆ ನೆಲದ ಮೇಲಿನ ಬ್ರೆಡ್ ಚೂರು ಬಳಿಯುತ್ತಾ ಕೇಳಿದ, "ಅಣ್ಣ, ನೀವ್ಯಾಕೆ ನಂಗೆ ಹೇಳಿಕೊಡ್ತೀರ? ನಿಮ್ಮ ಜಾಗಕ್ಕೆ ತಾನೇ ನನ್ನ ತಂದಿರೋದು?"

"ನಿನ್ನ ಬೆರಳು ನೋಡೋಕಾಗ್ತಿಲ್ಲ ಕಣೋ. ಅಷ್ಟೆ" ಎಂದೆ.

ನಿಜವಾಗಿಯೂ ಅಷ್ಟೆ. ಆಗುತ್ತದೋ ಇಲ್ಲವೋ ನೋಡಬೇಕು ಅನ್ನಿಸಿತು, ನೋಡಿದೆ. ಒಂದು ಪೊಟ್ಟಣ ಬ್ರೆಡ್‌ನಿಂದ ಯಾರ ಜಾಗವೂ ಹೋಗುವುದಿಲ್ಲ.

ಆಗಸ್ಟ್ 13, ಬುಧವಾರ

ಇವತ್ತು ಎಸೆತದ ಆಟಗಳಲ್ಲಿ ಒಡೆಲ್ ಮತ್ತೆ ನನ್ನನ್ನು ದಾಟಿ ಹೋದ. ನಾನು ಬಾಯಿ ಬಿಗಿದೇ ಇದ್ದೆ. ಕೆನ್ನೆ ಉಬ್ಬಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹಾಗಾದರೆ ಇನ್ನೊಂದು ಏನೋ ಇದೆ. ಏನು? ತಡೆಯಲಾರದೆ ನೀರು ಕುಡಿಯುವಾಗ ಅವನ ಬೆನ್ನು ಹತ್ತಿದೆ.

"ಹೇಳೋ. ಕೆನ್ನೆ ಸರಿ ಮಾಡ್ಕೊಂಡೆ. ಈಗ ಇನ್ನೇನು ಕಾಣ್ತಿದೆ?"

"ಏನೂ ಇಲ್ಲ ಬಿಡು."

"ಸುಳ್ಳು. ನಿನಗೆ ಗೊತ್ತಾಗ್ತಿದೆ. ಕಣ್ಣಾ? ಭುಜಾನಾ?"

ಒಡೆಲ್ ನೀರಿನ ಬಾಟಲಿಯನ್ನು ಕೆಳಗಿಟ್ಟ. "ಕ್ಲೆಮ್, ಇವತ್ತು ನಂಗೆ ಗೊತ್ತೇ ಆಗ್ಲಿಲ್ಲ ಕಣೋ. ಓಟ ಅಂದ್ಕೊಂಡೇ ಬಂದೆ. ಆದ್ರೂ ನೀನು ಅಲ್ಲಿರ್ಲಿಲ್ಲ."

ನನ್ನ ಹೆಗಲು ತಟ್ಟಿ ಹೋದ. ತಾತ ಅನ್ನಲಿಲ್ಲ. ಆರು ವರ್ಷದಲ್ಲಿ ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು ಅನ್ನಿಸುತ್ತದೆ.

ಆಗಸ್ಟ್ 14, ಗುರುವಾರ

ಮೊಣಕಾಲಿನ ಬಗ್ಗೆ ಬರೆಯಲು ಮನಸ್ಸಿಲ್ಲ.

ಆಗಸ್ಟ್ 18, ಸೋಮವಾರ

ಫೆಲೇಟಿ: ಬೆರಳು ಚೆನ್ನಾಗಿದೆ. ಎಡ ಹಿಮ್ಮಡಿ ಬೇಗ ಎತ್ತುತ್ತಾನೆ.

ಶಿಬಿರ ಮುಗಿದು ಊರಿಗೆ ಬಂದೆವು. ಸ್ವಂತ ಮಂಚ! ಬ್ರಿಜಿಟ್ ನನ್ನ ಗೊರಕೆಯನ್ನು ಇಷ್ಟು ದಿನ ನೆನೆಸಿಕೊಂಡಳಂತೆ, ನಂಬಿದೆ.

ಕೋಚ್ ಕರೆದು, "ಸೆಂಟರ್ ಆಡ್ತೀಯಾ?" ಎಂದರು. ಮುಖ ನೋಡದೆ ಕೇಳಿದರು. ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಎಡ ಗಾರ್ಡ್ ಜಾಗ ನನಗಿಲ್ಲ. ನಡುವೆ ನಿಂತು ಎರಡು ಕಾಲಿನ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವ ಕೆಲಸಕ್ಕೆ ಒಬ್ಬ ಬದಲಿ ಬೇಕು, ಅದು ಬಂದರೆ ಉಳಿಯುತ್ತೇನೆ. ಆಡುತ್ತೇನೆ ಎಂದೆ. ಇನ್ನೊಂದು ವರ್ಷಕ್ಕಾಗಿ ಡ್ರಮ್ಮು ಬಾರಿಸು ಅಂದರೂ ಬಾರಿಸುತ್ತೇನೆ.

ಹನ್ನೊಂದು ವರ್ಷದ ಮೇಲೆ ಚೆಂಡು ಮುಟ್ಟಿದೆ. ನೆನಪಿಗಿಂತ ಚಿಕ್ಕದಾಗಿತ್ತು. ಇದಕ್ಕಾಗಿ ಇಷ್ಟೆಲ್ಲಾ ಜನ ಹೊಡೆದಾಡುತ್ತೇವಾ?

ಆಗಸ್ಟ್ 20, ಬುಧವಾರ

ಫೆಲೇಟಿ: ಹಿಮ್ಮಡಿ ಇನ್ನೂ. ಬ್ರಿಜಿಟ್‌ಳ ಹಳೆಯ ಚಪ್ಪಲಿಯನ್ನು ಹಿಮ್ಮಡಿ ಅಡಿ ಇಟ್ಟು ಅಭ್ಯಾಸ ಮಾಡಿಸಿದೆ. ಚಪ್ಪಲಿ ಹೋಯಿತು.

ಅವನ ಅಮ್ಮ ಮೆಲೆ ಮಗನನ್ನು ನೋಡಲು ಬಂದಿದ್ದಾಳೆ. ಹೋಟೆಲಿನಲ್ಲಿ ಒಲೆ ಇಲ್ಲವೆಂದು ನಮ್ಮ ಅಡುಗೆಮನೆಯನ್ನೇ ವಶಮಾಡಿಕೊಂಡಳು. ಕೆಸುವಿನ ಎಲೆಯಲ್ಲಿ ಉಪ್ಪುಹಾಕಿದ ದನದ ಮಾಂಸ, ಈರುಳ್ಳಿ, ಮೇಲಿಂದ ತೆಂಗಿನ ಹಾಲು, ಕಟ್ಟಿ ಬೇಯಿಸಿದಳು. ಎಷ್ಟು ತಿಂದೆನೋ ಬರೆಯುವುದಿಲ್ಲ. "ನೀನೇನಾ ನನ್ನ ಮಗನಿಗೆ ಬ್ರೆಡ್ ಪಾಠ ಹೇಳಿದ್ದು? ತಿನ್ನಪ್ಪ, ಸೊರಗಿದ್ದೀಯ" ಎಂದಳು. ಸೊರಗಿದ್ದೀಯ! ಈ ಮಾತನ್ನು ನನಗೆ ಜೀವಮಾನದಲ್ಲಿ ಯಾರೂ ಹೇಳಿರಲಿಲ್ಲ.

ಊಟದ ಮೇಲೆ ಫೆಲೇಟಿ ಕೇಳಿದ, "ಅಣ್ಣ, ಆಡೋವಾಗ ಹಿಂದೆ ಏನಾಗ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಲ್ಲ. ಕೇಳಿಸ್ಕೋಬೇಕು. ಜನರ ಕೂಗು ಓ ಅಂತ ಏರ್ತಾ ಹೋಗಿ ಪಟ್ ಅಂತ ನಿಂತ್ರೆ ಚೆಂಡು ಕೈ ಜಾರ್ತು. ಏರ್ತಾನೇ ಹೋದ್ರೆ ನಾವು ಗೆದ್ವಿ. ಗೊಣಗಾಟ ಬಂದ್ರೆ ತಪ್ಪು ನಮ್ಮಲ್ಲೇ ಯಾರದೋ."

"ಒಂದ್ಸಲಾನೂ ನೋಡಿಲ್ವಾ? ಚೆಂಡು ಹೋಗೋದು?"

ನೋಡಿಲ್ಲ. ಮಾರನೆಯ ದಿನ ನೋಡುವ ವಿಡಿಯೊದಲ್ಲೂ ನಮ್ಮ ಕಾಲುಗಳಷ್ಟೇ. ಚೆಂಡು ಕೈಬಿಟ್ಟ ತಕ್ಷಣ ಕೋಚ್ ನಿಲ್ಲಿಸಿ ಹಿಂದಕ್ಕೆ ತಿರುಗಿಸುತ್ತಾರೆ. ನನ್ನ ಬೆನ್ನ ಹಿಂದೆ ಇಷ್ಟು ವರ್ಷ ಎಂಥೆಂಥ ಆಟ ನಡೆದಿದೆಯೋ. ಆ ಹೊತ್ತಿಗೆ, ಆ ಜಾಗದಲ್ಲಿ, ನನ್ನ ಕಣ್ಣಾರೆ ಒಂದು ಸಲ ನೋಡಬೇಕು.

ಆಗಸ್ಟ್ 23, ಶನಿವಾರ

ಫೆಲೇಟಿ: ಒಂದೇ ಒಂದು ಸಲವೂ ಯಾರೂ ಅವನನ್ನು ದಾಟಲಿಲ್ಲ.

ಕೊನೆಯ ಅಭ್ಯಾಸ ಪಂದ್ಯ. ಎರಡನೆಯ ಅರ್ಧದಲ್ಲಿ ನನ್ನನ್ನು ಸೆಂಟರ್ ಜಾಗಕ್ಕೆ ಇಳಿಸಿದರು. ನನ್ನ ಎಡಕ್ಕೆ ಫೆಲೇಟಿ. ಕೈ ಹಿಡಿದೆ. ಒಣಗಿತ್ತು, ಬೆಚ್ಚಗಿತ್ತು. ನನ್ನದು ತಣ್ಣಗಿತ್ತೋ ಏನೋ, ಅವನು ಒಮ್ಮೆ ಹಿಂಡಿದ.

ದಾಟಿದರೆ ಅಂಕ ಸಿಗುವ ಗೆರೆಯ ಹತ್ತಿರ ಬಂದಿದ್ದೆವು. ಎಸೆತದ ಆಟ, ಕ್ವಾರ್ಟರ್‌ಬ್ಯಾಕ್ ಕೂಗುವ ಎಣಿಕೆ ಮೂರಕ್ಕೆ ನಾನು ಚೆಂಡು ಕೊಡಬೇಕು. ಚೆಂಡಿನ ಮೇಲೆ ಕೈಯಿಟ್ಟು ಬಗ್ಗಿದೆ. ಆಗ ಪಕ್ಕದಲ್ಲಿ ಫೆಲೇಟಿಯ ಕೈ ಕಂಡಿತು. ಐದು ಬೆರಳೂ ಬೆಳ್ಳಗೆ, ಒಂದಕ್ಕೊಂದು ಒತ್ತಿಕೊಂಡು. ಕೆಳಗಿನ ಹುಲ್ಲು ಬಾಗಿರಲಿಲ್ಲ. ಎದುರಿನವನು ಅದನ್ನೇ ನೋಡಿ ಮುಂದಕ್ಕೆ ವಾಲುತ್ತಿದ್ದ. ಎಷ್ಟು ಚೆಂದದ ಸುಳ್ಳು!

ಮೂರಕ್ಕೆ ಉಳಿದ ನಾಲ್ವರೂ ಎದ್ದರು. ಚೆಂಡು ಮಾತ್ರ ನನ್ನ ಕೈಯಲ್ಲೇ ಇತ್ತು.

ಸೀಟಿ. ದಂಡ. ಆಮೇಲೆ ಗೊಣಗಾಟ, ಇಡೀ ಕ್ರೀಡಾಂಗಣದ ಗೊಣಗಾಟ, ಅದು ನನಗೆಂದು ಹಿಂದೆ ತಿರುಗಿ ನೋಡದೆಯೇ ಗೊತ್ತಾಯಿತು. ಕೋಚ್ ಕಿರುಚಲಿಲ್ಲ. ಟೊಪ್ಪಿ ತೆಗೆದು ತಲೆ ಸವರಿಕೊಂಡರು.

ಎಣಿಕೆ ತಪ್ಪುವವನಲ್ಲ ನಾನು. ಅಷ್ಟು ಮುಖ್ಯವಾದ ಹೊತ್ತಿನಲ್ಲಿ ಅಲ್ಲಿ ಯಾಕೆ ನೋಡುತ್ತಿದ್ದೆನೋ ನನಗೇ ತಿಳಿಯುತ್ತಿಲ್ಲ.

ಆಗಸ್ಟ್ 26, ಮಂಗಳವಾರ

ಇವತ್ತು ತಂಡದ ಪಟ್ಟಿ ಕತ್ತರಿಸುವ ದಿನ.

ಆಡಳಿತದ ಕಡೆಯಿಂದ ಒಬ್ಬ ಬಂದು, ಕೈಬಿಟ್ಟವರನ್ನು ಕರೆಯುತ್ತಾನೆ. ನಾವು ಅವನನ್ನು ಯಮದೂತ ಎನ್ನುತ್ತೇವೆ. ನಿಜವಾದ ಹೆಸರು ಎಲಿಯಟ್, ಬಲು ಸಾಧು, ಇರುವೆಗೂ ದಾರಿ ಬಿಡುವವನು. ವರ್ಷವಿಡೀ ಅವನ ಜೊತೆ ನಗುತ್ತೇವೆ, ಈ ಒಂದು ದಿನ ಎದುರಿಗೆ ಬಂದರೆ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗುತ್ತೇವೆ.

ಬೆಳಗ್ಗೆ ಪಾರ್ಕಿಂಗ್‌ನಲ್ಲಿ ಫೆಲೇಟಿ ಸಿಕ್ಕಿದ. ಒಟ್ಟಿಗೆ ಬಾಗಿಲವರೆಗೆ ನಡೆದೆವು. ಒಳಗೆ, ಗಾಜಿನ ಆಚೆ, ಎಲಿಯಟ್ ಕಾಫಿ ಲೋಟ ಹಿಡಿದು ನಿಂತಿದ್ದ. ನಮ್ಮಿಬ್ಬರನ್ನೂ ನೋಡಿ ಲೋಟ ಕೆಳಗಿಟ್ಟ. ಫೆಲೇಟಿಯ ಕೈ ಬಾಗಿಲ ಹಿಡಿಯ ಮೇಲಿತ್ತು. ಬೆರಳು ಬಿಳಿಚಿದ್ದವು, ಈ ಸಲ ಸುಳ್ಳಲ್ಲ. ನನಗೆ ಮೊದಲು ಬಂದ ಯೋಚನೆ ಇದು: ಇವನನ್ನು ಕಳಿಸಿದರೆ ಕೋಚ್‌ಗೆ ತಲೆ ಕೆಟ್ಟಿದೆ ಅಂತ ಅರ್ಥ, ನಾನೇ ಹೋಗಿ ಜಗಳವಾಡುತ್ತೇನೆ.

"ಕ್ಲೆಮ್" ಎಂದ ಎಲಿಯಟ್. "ಕೋಚ್ ಕರೀತಿದಾರೆ. ಆಟದ ಪುಸ್ತಕ ತಗೊಂಡು ಬರಬೇಕಂತೆ."

ಪುಸ್ತಕ ವಾಪಸು ಕೇಳಿದರೆ ತಂಡದಿಂದ ಹೊರಗೆ ಎಂದೇ ಅರ್ಥ. ಎದೆಯಲ್ಲಿ ಏನೋ ಇಳಿಯಿತು. ಭಾರವೂ ಹೌದು, ಹಗುರವೂ ಹೌದು, ಎರಡೂ ಒಟ್ಟಿಗೆ ಹೇಗೆ ಸಾಧ್ಯವೋ. ಫೆಲೇಟಿ ಅಲ್ಲೇ ನನ್ನನ್ನು ಅಪ್ಪಿಕೊಂಡು ಮಗುವಿನ ಹಾಗೆ ಅತ್ತ. "ಬಿಡೋ, ಪಕ್ಕೆಲುಬು ಮುರಿಯತ್ತೆ. ಒಳಗೆ ಹೋಗು, ತಡ ಆದ್ರೆ ದಂಡ ಹಾಕ್ತಾರೆ" ಎಂದೆ. ನನ್ನ ಕಣ್ಣೂ ಒಣಗಿರಲಿಲ್ಲ.

ಕೋಚ್ ಸ್ಟೆಗ್ನರ್ ಹೇಳಬೇಕಾದದ್ದನ್ನು ಚುಟುಕಾಗಿ ಹೇಳಿದರು. ಮೊಣಕಾಲು, ವಯಸ್ಸು, ನೀನು ನನ್ನ ಹತ್ತಿರ ಆಡಿದ ಒಳ್ಳೆಯ ಹುಡುಗರಲ್ಲಿ ಒಬ್ಬ. ಆಮೇಲೆ ಕನ್ನಡಕ ತೆಗೆದು, "ಮಾಹೆ ಬೆರಳಿಗೆ ಆ ಆಟ ಯಾರು ಕಲಿಸಿದ್ದು?" ಎಂದರು.

"ನಂಗೇನ್ ಗೊತ್ತು ಕೋಚ್."

"ನಾನು ಮೂರು ವಾರ ಕಿರುಚಿ ಗಂಟಲು ಕಳ್ಕೊಂಡೆ. ಹೋಗು, ಬೇಸಿಗೆಗೆ ಒಂದು ಫೋನ್ ಮಾಡು."

ಯಾಕೆ ಮಾಡಬೇಕೋ ಹೇಳಲಿಲ್ಲ. ಬೇಸಿಗೆಯಲ್ಲಿ ಅಣ್ಣನ ಡೈರಿಗೆ ಹೋಗಬೇಕು ಅಂದುಕೊಂಡಿದ್ದೇನೆ.

ಸೆಪ್ಟೆಂಬರ್ 7, ಭಾನುವಾರ

ಹಲವು ದಿನ ಏನೂ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಬೆಳಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದು ಹಲ್ಲುನೋವಿನಂತೆ, ಮರೆತರೂ ಮತ್ತೆ ನೆನಪಾಗುತ್ತದೆ.

ಇವತ್ತು ಋತುವಿನ ಮೊದಲ ಪಂದ್ಯ. ಫೆಲೇಟಿ ಟಿಕೆಟ್ ಕಳಿಸಿದ್ದ, ಮೈದಾನಕ್ಕೆ ಹತ್ತಿರದ ಸಾಲು. ಕುರ್ಚಿ ನನಗೆ ಸಾಲಲಿಲ್ಲ, ಪಕ್ಕದ ಪುಣ್ಯಾತ್ಮನ ಅರ್ಧ ಕುರ್ಚಿಯನ್ನೂ ತೆಗೆದುಕೊಂಡೆ. ಇನ್ನೊಂದು ಪಕ್ಕದಲ್ಲಿ ಮೆಲೆ, ಮಡಿಲಲ್ಲಿ ಎಲೆ ಕಟ್ಟಿನ ಡಬ್ಬ, ಅವಳ ಆಚೆ ಬ್ರಿಜಿಟ್. ರಾಷ್ಟ್ರಗೀತೆ ಶುರುವಾದಾಗ ಎದ್ದು ನಿಂತೆ. ಕೆಳಗೆ ಸಾಲಿನಲ್ಲಿ ನನ್ನ ಜಾಗದಲ್ಲಿ ಫೆಲೇಟಿ ನಿಂತಿದ್ದ. ಅಳು ಬಂತು, ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡು ಹೋಗಿದ್ದೆ. ಇವತ್ತು ಚೆಂಡು ನೋಡುತ್ತೇನೆ. ಯಾರನ್ನೂ ತಡೆಯಬೇಕಾಗಿಲ್ಲ, ಎಣಿಸಬೇಕಾಗಿಲ್ಲ. ಬೆನ್ನ ಹಿಂದೆ ಇಷ್ಟು ವರ್ಷ ಏನು ನಡೆಯುತ್ತಿತ್ತು ಎಂದು ಆರಾಮವಾಗಿ ಕೂತು ನೋಡುತ್ತೇನೆ. ಅದಕ್ಕೆಂದೇ ಬ್ರಿಜಿಟ್‌ಳ ದುರ್ಬೀನನ್ನು ಕೊರಳಿಗೆ ಹಾಕಿಕೊಂಡೆ.

ಮೊದಲಿಗೆ ಚೆಂಡು ಎಲ್ಲಿದೆ ಎಂದೇ ತಿಳಿಯಲಿಲ್ಲ. "ಅಗೋ ಅಲ್ಲಿ, ಅವನ ಕೈಲಿ" ಎಂದು ಬ್ರಿಜಿಟ್ ಬೆರಳು ತೋರಿಸಬೇಕಾಯಿತು. ಹನ್ನೊಂದು ವರ್ಷ ಆಡಿದವನಿಗೆ ಹಕ್ಕಿ ನೋಡುವವಳು ಚೆಂಡು ತೋರಿಸುತ್ತಿದ್ದಾಳೆ! ಒಂದೆರಡು ಓಟ ನೋಡಿದೆ. ಚೆನ್ನಾಗಿತ್ತು.

ಎರಡನೆಯ ಭಾಗದಲ್ಲಿ ನಮ್ಮವರು ಮೈದಾನದ ನಡುವೆ ನಿಂತರು. ಎದುರಾಳಿ ತಂಡದ ದೈತ್ಯನೊಬ್ಬ ಫೆಲೇಟಿಯ ಮುಂದೆ ಬಂದು ಬಗ್ಗಿದ. ಅವನ ಕಣ್ಣು ಎಲ್ಲಿದೆ ಎಂದು ನೋಡಬೇಕೆನಿಸಿತು, ಕ್ಷಣಮಾತ್ರ. ದುರ್ಬೀನು ಎತ್ತಿದೆ.

ಆಮೇಲೆ ಜನರ ಕೂಗು ಏರತೊಡಗಿತು. ಏರಿತು, ಇನ್ನೂ ಏರಿತು, ನಿಲ್ಲಲಿಲ್ಲ. ನನ್ನ ಸುತ್ತ ಎಲ್ಲರೂ ಕುಣಿಯುತ್ತಿದ್ದರು. ಮೆಲೆ ನನ್ನ ತೊಡೆಗೆ ಬಡಿಯುತ್ತಿದ್ದಳು. ಯಾರದೋ ಬಿಯರ್ ನನ್ನ ಬೆನ್ನ ಮೇಲೆ ಚೆಲ್ಲಿತು.

"ನೋಡಿದ್ಯಾ? ನೋಡಿದ್ಯಾ ಕ್ಲೆಮ್?" ಬ್ರಿಜಿಟ್ ಕಿರುಚುತ್ತಿದ್ದಳು. "ಎಷ್ಟು ದೂರ ಎಸೆದ! ಆ ಕೊನೆಗೆ, ಒಂದೇ ಕೈಲಿ ಹಿಡಿದ!"

"ನೋಡಿದೆ, ನೋಡಿದೆ!" ಎಂದು ನಾನೂ ಕಿರುಚಿದೆ.

ಬೆರಳು ಬಿಳಿಚಿದ್ದು ಕಂಡಿತೋ, ಕಂಡಂತೆ ಅನ್ನಿಸಿತೋ. ಆದರೆ ಎದುರಿನವನು ಓಟವೆಂದು ನಂಬಿ ಪೂರ್ತಿ ಮುಂದಕ್ಕೆ ವಾಲಿದ, ಫೆಲೇಟಿ ಒಂದು ಹೆಜ್ಜೆ ಹಿಂದಿಟ್ಟ, ಆ ದೈತ್ಯ ಗಾಳಿಯನ್ನು ಅಪ್ಪಿಕೊಂಡು ಮುಗ್ಗರಿಸಿ ಅವನ ಪಾದದ ಹತ್ತಿರ ಬಿದ್ದ. ಇಷ್ಟು ಸ್ವಚ್ಛವಾದ ತಡೆ ನಾನು ಎಂದೂ ಮಾಡಿರಲಿಲ್ಲ. ಎಡ ಹಿಮ್ಮಡಿ ಮಾತ್ರ ಇನ್ನೂ ಸ್ವಲ್ಪ ಬೇಗ ಏಳುತ್ತಿದೆ. ನಾಳೆ ಬೆಳಗ್ಗೆ ಫೋನ್ ಮಾಡಿ ಹೇಳಬೇಕು.